ಹಿಂದೆ ಬಿದ್ದ ಮಕ್ಕಳ ಪೋಷಕರು ಶಾಲೆ ಕಡೆ ತಲೆಯೇ ಹಾಕುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತರಗತಿಯಲ್ಲಿ ಐದಾರು ಮಕ್ಕಳು ಓದಿನಲ್ಲೂ ಲೆಕ್ಕದಲ್ಲೂ ಹಿಂದೆ ಬಿದ್ದಿದ್ದಾರೆ. ಪೋಷಕರ ಸಭೆಗೆ ಯಾರು ಬರಲೇಬೇಕೋ ಅವರು ಬರುವುದಿಲ್ಲ, ಚೆನ್ನಾಗಿ ಓದುವ ಮಕ್ಕಳ ಮನೆಯವರು ತಪ್ಪದೆ ಬರುತ್ತಾರೆ. ಇವರನ್ನು ಮಕ್ಕಳ ಕಲಿಕೆಯಲ್ಲಿ ತೊಡಗಿಸುವುದು ಹೇಗೆ?

ಉತ್ತರ: ಒಮ್ಮೆ ಅವರ ಜಾಗದಲ್ಲಿ ನಿಂತು ನೋಡಿ. ಶಾಲೆಯಿಂದ ಕರೆ ಬಂತೆಂದರೆ ಅದು ದೂರೇ ಎಂದು ಅವರಿಗೆ ಗೊತ್ತು. ಕೆಲಸ ಬಿಟ್ಟು ಬಂದು, ನಾಲ್ಕು ಜನರ ಎದುರು ತಲೆ ತಗ್ಗಿಸಿ, ‘ಮನೆಯಲ್ಲಿ ಸ್ವಲ್ಪ ಓದಿಸಿ’ ಎಂಬ ಮಾತು ಕೇಳಿಸಿಕೊಂಡು ಹೋಗಬೇಕು. ಏನನ್ನು ಓದಿಸುವುದು, ಹೇಗೆ ಓದಿಸುವುದು? ಅದನ್ನು ಯಾರೂ ಹೇಳುವುದಿಲ್ಲ. ಅವರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಇಂಥದೇ ಕೋಣೆಯಲ್ಲಿ ಬೈಸಿಕೊಂಡವರು. ಬರದಿರುವುದನ್ನು ಅಸಡ್ಡೆ ಎಂದುಕೊಂಡರೆ ದಾರಿ ಅಲ್ಲಿಗೇ ಮುಚ್ಚಿಹೋಗುತ್ತದೆ.

ಹಾಗಾಗಿ ಅವರನ್ನು ಕರೆಯುವ ಮೊದಲು ನಿಮ್ಮ ಪಾಲಿನ ಕೆಲಸ ಒಂದಿದೆ. ‘ಲೆಕ್ಕದಲ್ಲಿ ವೀಕು’ ಎಂಬುದು ಹಣೆಪಟ್ಟಿ, ಅದರಿಂದ ಮಗುವಿನ ತೊಡಕು ಏನೆಂದು ತಿಳಿಯುವುದಿಲ್ಲ. ಒಂದು ಮಗು 52ರಲ್ಲಿ 27 ಕಳೆದು 35 ಎಂದು ಬರೆಯಿತು ಎನ್ನೋಣ. ತಪ್ಪು ಎಂದು ಗೀಟು ಎಳೆಯುವ ಮುಂಚೆ ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿ. 2ರಲ್ಲಿ 7 ಹೋಗುವುದಿಲ್ಲವಲ್ಲ, ಅದಕ್ಕೆ 7ರಲ್ಲಿ 2 ಕಳೆದೆ ಎನ್ನುತ್ತದೆ. ಆ ಮಗುವಿಗೆ ಕಳೆಯುವುದು ಬರುತ್ತದೆ. 52 ಎಂದರೆ ಐದು ಹತ್ತುಗಳು ಮತ್ತು ಎರಡು ಬಿಡಿ, ಒಂದು ಹತ್ತನ್ನು ಬಿಡಿಸಿಕೊಳ್ಳಬಹುದು ಎಂಬುದು ಮಾತ್ರ ಹೊಳೆದಿಲ್ಲ. ಅದೇ ಬಗೆಯ ಇನ್ನೂ ಇಪ್ಪತ್ತು ಲೆಕ್ಕ ಕೊಟ್ಟರೆ ತಪ್ಪು ಇಪ್ಪತ್ತು ಸಲ ಗಟ್ಟಿಯಾಗುತ್ತದೆ, ಅಷ್ಟೇ. ಕಡ್ಡಿಗಳನ್ನು ಹತ್ತತ್ತರ ಕಟ್ಟು ಕಟ್ಟಿಸಿ ಕೆಲವು ದಿನ ಬಿಚ್ಚಿಸಿ ನೋಡಿ. (ಕಣ್ಣು, ಕಿವಿ ಸರಿಯಿವೆಯೇ ಎಂದೂ ನೋಡಿಸಿ. ಬೋರ್ಡು ಕಾಣದ ಮಗುವನ್ನು ದಡ್ಡ ಎಂದುಬಿಡುವುದು ಬಹಳ ಸುಲಭ.)

ಈಗ ಪೋಷಕರಿಗೆ ಹೇಳಲು ನಿಮ್ಮ ಬಳಿ ಒಂದು ಖಚಿತ ಸಂಗತಿ ಇದೆ. ಅದಕ್ಕೆ ಸಭೆಯೇ ಬೇಕೆಂದಿಲ್ಲ. ಅಮೆರಿಕದಲ್ಲಿ ಫೇಲಾದ ವಿಷಯವನ್ನು ಬೇಸಿಗೆಯಲ್ಲಿ ಮತ್ತೆ ಕಲಿಯುತ್ತಿದ್ದ ಪ್ರೌಢಶಾಲಾ ವಿದ್ಯಾರ್ಥಿಗಳ ಮನೆಗೆ ವಾರಕ್ಕೊಮ್ಮೆ ಶಿಕ್ಷಕರ ಒಂದೇ ಒಂದು ವಾಕ್ಯ ತಲುಪಿಸಿ ನೋಡಿದ ಅಧ್ಯಯನವೊಂದಿದೆ. ಮ್ಯಾಥ್ಯೂ ಕ್ರಾಫ್ಟ್ ಮತ್ತು ಟಾಡ್ ರೋಜರ್ಸ್ ಅದನ್ನು 2015ರಲ್ಲಿ ಪ್ರಕಟಿಸಿದರು. ಕೋರ್ಸ್ ದಾಟಲಾಗದವರ ಪ್ರಮಾಣ ಶೇ. 15.8ರಿಂದ 9.3ಕ್ಕೆ ಇಳಿಯಿತು, ಮುಖ್ಯವಾಗಿ ನಡುವೆಯೇ ಬಿಟ್ಟುಹೋಗುವವರು ಕಡಿಮೆಯಾದದ್ದರಿಂದ. ಬರಿಯ ಹೊಗಳಿಕೆಗಿಂತ, ಮಗು ಏನನ್ನು ಸುಧಾರಿಸಿಕೊಳ್ಳಬಹುದು ಎಂದು ತಿಳಿಸುವ ವಾಕ್ಯಗಳು ಹೆಚ್ಚು ಕೆಲಸ ಮಾಡಿದವು. ನಿಮ್ಮ ಮೊದಲ ಮಾತು ಮಾತ್ರ ಒಳ್ಳೆಯ ಸುದ್ದಿಯೇ ಆಗಿರಲಿ, ಫೋನ್ ಎತ್ತಲು ಅವರಿಗೆ ಧೈರ್ಯ ಬರಬೇಕಲ್ಲ. ಮುಂದಿನ ವಾರ ಹೀಗೆ ಹೇಳಬಹುದು: ‘ಈ ವಾರ ಹತ್ತರ ಕಟ್ಟು ಬಿಚ್ಚಿ ಕಳೆಯುವುದನ್ನು ಕಲಿಯುತ್ತಿದ್ದಾಳೆ, ರಾತ್ರಿ ನಿಮಗೆ ಎರಡು ಲೆಕ್ಕ ಮಾಡಿ ತೋರಿಸಲಿ.’

ತೋರಿಸಲಿ ಎಂದೆ, ಹೇಳಿಕೊಡಿ ಎನ್ನಲಿಲ್ಲ. ನಾವು ಎಡವುವುದು ಬಹುತೇಕ ಇಲ್ಲೇ, ಪೋಷಕರನ್ನು ಎರಡನೇ ಶಿಕ್ಷಕರನ್ನಾಗಿ ಮಾಡಲು ಹೋಗುತ್ತೇವೆ. ಎರಿನ್ ಮಲೋನಿ ಮತ್ತು ಸಂಗಡಿಗರು ಒಂದು, ಎರಡನೇ ತರಗತಿಯ ಮಕ್ಕಳ ಬಗ್ಗೆ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೆಕ್ಕವೆಂದರೆ ಹೆದರುವ ಪೋಷಕರು ಪದೇ ಪದೇ ಹೋಂವರ್ಕ್ ಮಾಡಿಸಿದಾಗ ಮಕ್ಕಳು ವರ್ಷದ ಕೊನೆಗೆ ಕಲಿತದ್ದು ಕಡಿಮೆ, ಅವರಿಗೆ ಲೆಕ್ಕದ ಭಯ ಹೆಚ್ಚು ಎಂದು ಕಂಡುಬಂತು. ಮನೆಯಿಂದ ಬೇಕಾದದ್ದು ಬೇರೆ: ಹತ್ತು ನಿಮಿಷ ಪಕ್ಕದಲ್ಲಿ ಕೂರುವುದು, ಮಗು ಓದುವುದನ್ನು ಕೇಳುವುದು, ಹೊತ್ತಿಗೆ ಮಲಗಿಸುವುದು, ಶಾಲೆ ತಪ್ಪಿಸದಿರುವುದು. ಅಕ್ಷರ ಬಾರದ ತಾಯಿಯೂ ‘ಕತೆಯಲ್ಲಿ ಮುಂದೇನಾಯಿತು?’ ಎಂದು ಕೇಳಬಲ್ಲಳು.

ಭೇಟಿಯಾದಾಗ ಅಂಕಪಟ್ಟಿಯನ್ನು ಬದಿಗಿಡಿ. ಮಗು ಮನೆಯಲ್ಲಿ ಯಾವುದರಲ್ಲಿ ಚುರುಕು, ಯಾವುದಕ್ಕೆ ಅಳುತ್ತದೆ ಎಂದು ಕೇಳಿ. ನಿಮಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ. ತಿಂಗಳುಗಟ್ಟಲೆ ಹೀಗೆ ಶ್ರಮಿಸಿದರೂ ಅಕ್ಷರ ಕೂಡಿಸಿ ಓದುವುದು ಬಾರದಿದ್ದರೆ ಡಿಸ್ಲೆಕ್ಸಿಯಾದಂಥ ತೊಂದರೆ ಇರಬಹುದು, ತಜ್ಞರಿಗೆ ತೋರಿಸಲು ಸಂಕೋಚ ಬೇಡ.

ಇಷ್ಟಾದರೂ ಕೆಲವು ಮನೆಗಳಿಂದ ಉತ್ತರ ಬರುವುದಿಲ್ಲ. ಆಗ ಅಜ್ಜಿ, ಚಿಕ್ಕಪ್ಪ, ಅಕ್ಕ, ಯಾರು ಸಿಗುತ್ತಾರೋ ಅವರನ್ನು ಹಿಡಿಯಿರಿ. ಯಾರೂ ಸಿಗದಿದ್ದರೆ ಆ ಹತ್ತು ನಿಮಿಷವನ್ನು ಶಾಲೆಯ ಹೊತ್ತಿನಲ್ಲೇ ಹೊಂದಿಸಬೇಕಾಗುತ್ತದೆ. ದೊಡ್ಡವರು ಬರಲಿಲ್ಲ ಎಂಬ ಸಿಟ್ಟನ್ನು ಮಗುವಿನ ಮುಂದೆ ಮಾತ್ರ ಆಡಬೇಡಿ.