ಸಿಪ್ಪೆ ಗರಿಗರಿ ಇದ್ದರೆ ಈರುಳ್ಳಿ ಒಳಗೂ ಚೆನ್ನಾಗಿರುತ್ತಾ?

ಚಳ್ಳಕೆರೆ, ಹಿರಿಯೂರು ಕಡೆ ಈರುಳ್ಳಿ ಕೀಳುವ ಕಾಲ ಬಂತು ಅಂದರೆ ಈ ಪ್ರಶ್ನೆಯೂ ಬಂತು: "ಶೆಡ್ಡಿಗೆ ಹಾಕುವಾಗ ಗಡ್ಡೆ ಚೆನ್ನಾಗೇ ಇತ್ತು. ಆಮೇಲೆ ನೋಡಿದರೆ ಒಳಗೆಲ್ಲ ಕೊಳೆ. ಮೊದಲೇ ತಿಳಿಯುವುದು ಹೇಗೆ?"

ಎಷ್ಟೋ ಸಲ ಹೇಳಿದ್ದೇನೆ. ಸೀಳಿ ನೋಡಿ. ರಾಶಿಯ ಮೇಲಿಂದ, ನಡುವಿನಿಂದ, ತಳದಿಂದ ಒಂದಷ್ಟು ಗಡ್ಡೆ ತೆಗೆದು ಕುತ್ತಿಗೆಯಿಂದ, ಅಂದರೆ ಎಲೆ ಹೊರಡುವ ತುದಿಯಿಂದ, ಬುಡದವರೆಗೆ ಕೊಯ್ಯಿರಿ. ಬೇರು ಹುಟ್ಟುವ ಜಾಗ ಕಂದಾಗಿದ್ದರೆ ಅದು ಬುಡಕೊಳೆ. ಹೊರ ಸಿಪ್ಪೆಯ ಅಡಿಯಲ್ಲಿ, ಕುತ್ತಿಗೆಯಿಂದ ಕೆಳಗೆ ಗೆರೆಗೆರೆಯಾಗಿ ಕಪ್ಪು ಪುಡಿ ಇದ್ದರೆ ಕಪ್ಪು ಬೂಷ್ಟು.

"ಸಿಪ್ಪೆ ಒಣಗಿ ಗರಿಗರಿ ಅಂತಿದೆ, ಇನ್ನೇನು ಭಯ?" ಅನ್ನುತ್ತಾರಲ್ಲ, ಅಲ್ಲೇ ಎಡವಟ್ಟು. ಸಿಪ್ಪೆ ಸತ್ತ ಪದರ. ಅದು ಒಣಗಿದೆ ಅಂದರೆ ಒಣಗಿದೆ ಅಂತ ಅಷ್ಟೇ ಅರ್ಥ. ಬುಡಕೊಳೆ ತರುವ ಫ್ಯುಸೇರಿಯಂ ಶಿಲೀಂಧ್ರ ಮಣ್ಣಿನಲ್ಲೇ ವರ್ಷಗಟ್ಟಲೆ ಬದುಕಿರುತ್ತದೆ, ಬೇರಿನ ಕಡೆಯಿಂದ ಹತ್ತುತ್ತದೆ. ಕೀಳುವ ಹೊತ್ತಿಗೆ ಸ್ವಲ್ಪ ಮುಂಚೆ ತಗುಲಿದರೆ ಹೊಲದಲ್ಲಿ ಏನೂ ಕಾಣುವುದಿಲ್ಲ. ಶೆಡ್ಡಿನ ಸೆಕೆಯಲ್ಲಿ, 28ರಿಂದ 32 ಡಿಗ್ರಿಯಲ್ಲಿ, ಜೋರಾಗಿ ಬೆಳೆಯುತ್ತದೆ. ಕಪ್ಪು ಬೂಷ್ಟು ಆಸ್ಪರ್ಜಿಲಸ್ ನೈಜರ್ ಶಿಲೀಂಧ್ರದ್ದು. ಅದೂ ಮಣ್ಣಿನಲ್ಲಿರುತ್ತದೆ, ಬೀಜದ ಜೊತೆಗೂ ಬರುತ್ತದೆ. ಒಣಗುವ ಕುತ್ತಿಗೆಯಿಂದ, ಪೆಟ್ಟು ಬಿದ್ದ ಜಾಗದಿಂದ ಒಳಗೆ ಹೋಗುತ್ತದೆ. ಎರಡಕ್ಕೂ ಸಿಪ್ಪೆ ಅಡ್ಡ ಬರುವುದೇ ಇಲ್ಲ! ರೋಗ ಹೊಲದಿಂದಲೇ ಬಂದಿರುತ್ತದೆ, ಬೈಗುಳ ಮಾತ್ರ ಶೆಡ್ಡಿಗೆ. ವಾಸನೆ ನಂಬಿ ಕೂರುವುದೂ ಬೇಡ. ಆ ಕೆಟ್ಟ ನಾತ ಹೆಚ್ಚಾಗಿ ಬ್ಯಾಕ್ಟೀರಿಯಾದ್ದು. ಅದು ಮೂಗಿಗೆ ಬಡಿಯುವ ಹೊತ್ತಿಗೆ ಅಕ್ಕಪಕ್ಕದ ಗಡ್ಡೆಗಳೂ ಹೋಗಿರುತ್ತವೆ.

ಇಷ್ಟೆಲ್ಲ ಕೇಳುವವರು ಕುತ್ತಿಗೆ ಬಗ್ಗೆ ಯಾಕೆ ಕೇಳುವುದಿಲ್ಲವೋ! ಬೇಸಿಗೆ ಬೆಳೆಯಲ್ಲಿ ಎಲೆ ತಾನಾಗಿ ಬಾಗಿ ಬೀಳುತ್ತದೆ, ಕುತ್ತಿಗೆ ಸಣ್ಣಗಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಮುಂಗಾರು ಈರುಳ್ಳಿಯಲ್ಲಿ ಎಲೆ ಸರಿಯಾಗಿ ಬೀಳುವುದಿಲ್ಲ. ಕುತ್ತಿಗೆ ದಪ್ಪ, ಹಸಿ. ಮೇಲೆ ಮಳೆ ಬೇರೆ. ಅದಕ್ಕೇ ಇದು ಜಾಸ್ತಿ ದಿನ ತಡೆಯುವುದಿಲ್ಲ. ಕೀಳುವ 10-15 ದಿನ ಮುಂಚೆ ನೀರು ನಿಲ್ಲಿಸಿ. ಎಲೆ ಸಮೇತ ಒಣಗಿಸಿ, ಮಳೆ ಇದ್ದರೆ ಸೂರಿನ ಕೆಳಗೆ. ಆಮೇಲೆ 2-2.5 ಸೆಂಟಿಮೀಟರ್ ಕುತ್ತಿಗೆ ಬಿಟ್ಟು ಕತ್ತರಿಸಿ, ಗಡ್ಡೆಗೆ ತೀರಾ ಹತ್ತಿರ ಕೊಯ್ಯಬೇಡಿ. ಹಿಚುಕಿದಾಗ ಕುತ್ತಿಗೆ ಇನ್ನೂ ಹಸಿ ಅನ್ನಿಸಿದ ಗಡ್ಡೆಗಳನ್ನು ಬೇರೆ ಮಾಡಿ, ಶೆಡ್ಡಿಗೆ ಹಾಕದೆ ಮೊದಲ ಲೋಡಿನಲ್ಲೇ ಮಾರ್ಕೆಟ್ಟಿಗೆ ಕಳಿಸಿ.