ಜವಳಿಯೂ ಜವರಾಯನೂ ಒಂದೇ ಬೇರಿನವರು

‘ಅವಳಿ ಜವಳಿ’ ಅನ್ನುವಾಗ ಅವಳಿ ನಿಜವಾದ ಪದ, ಜವಳಿ ಸುಮ್ನೆ ಪ್ರಾಸಕ್ಕೆ ಅಂಟಿಕೊಂಡದ್ದು ಅಂತ ತುಂಬಾ ಜನ ನಂಬಿದ್ದಾರೆ. ಅಲ್ಲವೇ ಅಲ್ಲ. ಸುಮ್ನೆ ಅಂಟುವ ಬಾಲ ನಮ್ಮಲ್ಲಿ ‘ಗಿ’ಯಿಂದ ಶುರುವಾಗುತ್ತದೆ: ಪುಸ್ತಕ ಗಿಸ್ತಕ, ಮನೆ ಗಿನೆ. ಆ ಲೆಕ್ಕಕ್ಕೆ ‘ಅವಳಿ ಗಿವಳಿ’ ಆಗಬೇಕಿತ್ತು, ಅಲ್ವಾ? ಜವಳಿ ಅಂದರೇ ಜೋಡಿ. (ಬಟ್ಟೆಯ ಜವಳಿ ಇಲ್ಲಿ ಬೇಡ.) ‘ಬಂಧು ಬಳಗ’ದಲ್ಲಿ ಸಂಸ್ಕೃತದ್ದೊಂದು, ಕನ್ನಡದ್ದೊಂದು ಪದ ಸೇರಿ ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತವಲ್ಲ, ಇದೂ ಹಾಗೇ. ಅವಳಿ ಹಳಗನ್ನಡದಲ್ಲಿ ‘ಅಮಳ್’ ಆಗಿತ್ತು. ಜವಳಿ ಬಂದದ್ದು ಸಂಸ್ಕೃತದ ‘ಯಮಲ’ದಿಂದ, ಪ್ರಾಕೃತದ ‘ಜಮಲ’ದ ದಾರಿಯಲ್ಲಿ.

ಯಮಲ ಹೇಗೆ ಜವಳಿ ಆಯಿತು? ನಿಧಾನಕ್ಕೆ ‘ಯ’ ಅಂದು ನೋಡಿ. ನಾಲಿಗೆ ಅಂಗುಳದ ಹತ್ತಿರ ಹೋಗುತ್ತದೆ, ಮುಟ್ಟುವುದಿಲ್ಲ. ಸ್ವಲ್ಪ ಒತ್ತಿ ಮುಟ್ಟಿಸಿದರೆ ‘ಜ’. ಓರೆ ಮಾಡಿಟ್ಟ ಬಾಗಿಲನ್ನು ಇನ್ನಷ್ಟು ನೂಕಿ ಮುಚ್ಚಿದ ಹಾಗೆ. ಯಾತ್ರೆ ಜಾತ್ರೆ ಆದದ್ದು, ಯೋಗಿ ಜೋಗಿ ಆದದ್ದು ಹೀಗೇ. ‘ಮ’ದ ಕಥೆ ಉಲ್ಟಾ. ಅದಕ್ಕೆ ತುಟಿ ಪೂರ್ತಿ ಮುಚ್ಚಬೇಕು. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಾಗ ಅವಸರದಲ್ಲಿ ತುಟಿ ಅರ್ಧಕ್ಕೇ ನಿಂತರೆ ‘ವ’: ಕುಮಾರ, ಕುವರ. ಅಮಳ್ ಅವಳಿ ಆದದ್ದರಲ್ಲೂ ಇದೇ ಕೆಲಸ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಬದಲಾವಣೆಗಳಿಗೆ ಅಂತಲೇ ‘ಅಪಭ್ರಂಶ ಪ್ರಕರಣ’ ಬರೆದಿದ್ದಾನೆ.

ಈಗ ಇವೆರಡನ್ನೂ ‘ಯಮ’ನ ಮೇಲೆ ಹಚ್ಚಿ ನೋಡಿ. ಜವ! ಅವನೇ ನಮ್ಮ ಜವರಾಯ. ಯಮ ಅಂದರೆ ಹತೋಟಿಯಲ್ಲಿ ಇಡುವವನು ಅಂತ ಹೇಳಿಕೊಡುತ್ತಾರೆ, ಆ ಅರ್ಥದ ಪದವೂ ಇದೆ ನಿಜ. ಆದರೆ ಋಗ್ವೇದದ 10ನೇ ಮಂಡಲದಲ್ಲಿ ಅವನ ಜತೆ ಮಾತಾಡುವ ಯಮಿ ಅವನ ಅವಳಿ ತಂಗಿ. ಯಮ ಅಂದರೆ ಅವಳಿಯಲ್ಲಿ ಒಬ್ಬ. ನಕುಲ ಸಹದೇವರನ್ನು ಯಮಳರು ಅನ್ನುವುದೂ ಇದಕ್ಕೇ. ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದಲ್ಲಿ ಇವನ ದಾಯಾದಿ ಯಿಮ. ಮುಂದೆ ಪಾರ್ಸಿಯಲ್ಲಿ ಅವನೇ ಜಮ್‌ಶೇದ್. ಅಲ್ಲೂ ಯಕಾರ ಜಕಾರ ಆಗಿದೆ ನೋಡಿ!

ಅಂಟಿಕೊಂಡ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳಾಗುತ್ತವೆ ಅಂತ ಬಸುರಿಯರ ಕೈಯಿಂದ ಅದನ್ನು ಕಿತ್ತುಕೊಳ್ಳುವವರು ಈಗಲೂ ಇದ್ದಾರೆ, ನನಗೆ ಸಂಕಟ ಆಗುತ್ತದೆ. ಎರಡು ಅಂಡಾಣು ಫಲಿಸಿದರೆ, ಇಲ್ಲವೇ ಫಲಿಸಿದ ಒಂದೇ ಅಂಡಾಣು ಇಬ್ಭಾಗವಾದರೆ ಅವಳಿ. ಹಣ್ಣಿಗೂ ಅದಕ್ಕೂ ಸಂಬಂಧವೇ ಇಲ್ಲ. ಸಂಬಂಧ ಇರುವುದು ಪದದಲ್ಲಿ: ದೂರದ ಲಾಟ್ವಿಯಾದಲ್ಲಿ ಒಂದಕ್ಕೊಂದು ಅಂಟಿ ಬೆಳೆದ ಹಣ್ಣಿಗೆ, ಜೋಡಿ ತೆನೆಗೆ ‘ಯುಮಿಸ್’ ಅನ್ನುತ್ತಾರೆ. ಭಾಷಾವಿಜ್ಞಾನಿಗಳು ಅದನ್ನೂ ಯಮನ ಬಳಗಕ್ಕೇ ಸೇರಿಸುತ್ತಾರೆ.