ಪದ ಪರಿಚಯ: ಡಿಸ್‌ಪ್ಲೇ ಸರ್ವರ್

ಸರ್ವರ್ ಅಂದರೆ ದೂರದ ಎಸಿ ರೂಮಿನಲ್ಲಿರುವ ಯಂತ್ರ ಅಂತಲೇ ನಮಗೆ ಅಭ್ಯಾಸ. ಪರದೆಯ ಮೇಲೆ ವಿಂಡೋಗಳನ್ನು ತೋರಿಸಿ, ಕೀಬೋರ್ಡ್-ಮೌಸ್ ಒತ್ತಿದ್ದನ್ನು ಪ್ರೋಗ್ರಾಮುಗಳಿಗೆ ತಲುಪಿಸುವ ಡಿಸ್‌ಪ್ಲೇ ಸರ್ವರ್ ವಿಷಯದಲ್ಲಿ ಇದು ಉಲ್ಟಾ. ಪರದೆ, ಕೀಬೋರ್ಡ್, ಮೌಸ್ ಎಲ್ಲಿವೆಯೋ ಸರ್ವರ್ ಅಲ್ಲೇ ಇರುತ್ತದೆ, ಅಂದರೆ ನಿಮ್ಮ ಮೇಜಿನ ಮೇಲೆ. 'ನನಗೊಂದು ವಿಂಡೋ ತೆರೆದುಕೊಡು' ಎಂದು ಅದನ್ನು ಕೇಳುವ ಪ್ರೋಗ್ರಾಮ್ ಕ್ಲೈಂಟ್. ಅದು ಬೇರೆ ಊರಿನ ಯಂತ್ರದಲ್ಲಿ ಓಡುತ್ತಿರಬಹುದು.

1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ಎಂಬ ವಿಂಡೋ ವ್ಯವಸ್ಥೆ ಈ ಬಗೆಯದು. ಇಂದಿಗೂ ಬಳಕೆಯಲ್ಲಿರುವ ಎಕ್ಸ್11 ಬಂದದ್ದು 1987ರಲ್ಲಿ.

ಈ ಉಲ್ಟಾ ಲೆಕ್ಕ ಗೊತ್ತಿಲ್ಲದೆ ಎಷ್ಟೋ ಜನ ದೂರದ ಯಂತ್ರದ ಫೈರ್‌ವಾಲ್ (ಬೇಡದ ನೆಟ್‌ವರ್ಕ್ ಸಂಪರ್ಕಗಳನ್ನು ತಡೆಯುವ ಕಾವಲು) ತೆರೆಯಲು ಅರ್ಧ ದಿನ ಕಳೆಯುತ್ತಾರೆ. ನಾನೂ ಕಳೆದಿದ್ದೇನೆ. ಬಾಗಿಲು ಮುಚ್ಚಿರುವುದು ಸಾಮಾನ್ಯವಾಗಿ ನಮ್ಮ ಕಡೆಯೇ. ಸೊನ್ನೆ ನಂಬರಿನ ಡಿಸ್‌ಪ್ಲೇಗೆ ಟಿಸಿಪಿ ಪೋರ್ಟ್ (ನೆಟ್‌ವರ್ಕ್ ಕರೆ ಒಳಬರುವ ಬಾಗಿಲಿನ ನಂಬರು) 6000, ಒಂದಕ್ಕೆ 6001, ಹೀಗೆ ಮುಂದಕ್ಕೆ.

'ಕಾಂಟ್ ಓಪನ್ ಡಿಸ್‌ಪ್ಲೇ' ಎಂಬ, ವಿಂಡೋ ತೆರೆಯಲಾಗದಿದ್ದಾಗ ಕಾಣುವ ದೋಷದ ಸಾಲು ಒಂದೇ, ಕಾರಣ ಮಾತ್ರ ಬೇರೆ ಬೇರೆ. ಅದು ಹೇಗೆ ಬಂತು ಅಂತ ಗಮನಿಸಿ. ಕರ್ಸರ್ ಮಿಣುಕುತ್ತಾ ಒಂದೆರಡು ನಿಮಿಷ ಸುಮ್ನೆ ನಿಂತು ಆಮೇಲೆ ಬಂದರೆ, ಬಹುಮಟ್ಟಿಗೆ ಫೈರ್‌ವಾಲ್ ಪ್ಯಾಕೆಟ್ಟನ್ನು ನುಂಗಿದೆ. ಥಟ್ಟನೆ ಬಂದರೆ ಆ ಪೋರ್ಟಿನಲ್ಲಿ ಕಿವಿಗೊಟ್ಟವರೇ ಇಲ್ಲದಿರಬಹುದು. 2015ರಿಂದ ಎಕ್ಸ್‌.ಆರ್ಗ್ ಎಂಬ ಎಕ್ಸ್ ಸರ್ವರ್ ತಾನಾಗಿಯೇ ಟಿಸಿಪಿಯಲ್ಲಿ ಕಿವಿ ಕೊಡುವುದಿಲ್ಲ. ಅನುಮತಿ ಇಲ್ಲ ಎಂಬ ಅರ್ಥದ ಮಾತು ಬಂದರೆ ಫೈರ್‌ವಾಲ್ ಮುಟ್ಟಲೇಬೇಡಿ. ನಿಮ್ಮ ಕರೆ ಸರ್ವರ್‌ವರೆಗೂ ಹೋಗಿದೆ, ತಪ್ಪಿರುವುದು ಗುರುತಿನ ಕುಕಿ, ಅಂದರೆ ಕ್ಲೈಂಟ್ ತೋರಿಸಬೇಕಾದ ಗುಟ್ಟಿನ ಸಂಖ್ಯೆ.

ವಿಂಡೋಸ್‌ನಲ್ಲಿ ವಿಸಿ‌ಎಕ್ಸ್‌ಸರ್ವ್ ಎಂಬ ಎಕ್ಸ್ ಸರ್ವರ್ ಹಾಕಿಕೊಂಡು, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್2 ಬಳಸುವವರಿಗೆ ಇನ್ನೊಂದು ಗಂಟು. ಮೊದಲ ಸಲ ಶುರು ಮಾಡಿದಾಗ ಫೈರ್‌ವಾಲ್ ಒಂದು ಪೆಟ್ಟಿಗೆ ತೋರಿಸಿ ಅನುಮತಿ ಕೇಳುತ್ತದೆ. ಅವಸರದಲ್ಲಿ ಕ್ಯಾನ್ಸಲ್ ಒತ್ತಿದರೆ ಆ ಪ್ರೋಗ್ರಾಮಿಗೆ ತಡೆ ನಿಯಮ ಬರೆದುಬಿಡುತ್ತದೆ. ಆಮೇಲೆ ಎಷ್ಟು ಅನುಮತಿ ನಿಯಮ ಸೇರಿಸಿದರೂ ತಡೆಯೇ ಗೆಲ್ಲುತ್ತದೆ. ಒಳಬರುವ ನಿಯಮಗಳ ಪಟ್ಟಿಯಲ್ಲಿ ಆ ತಡೆಯನ್ನು ಹುಡುಕಿ ಅಳಿಸಬೇಕು.

ಹಾಗಂತ 6000 ಪೋರ್ಟನ್ನು ಎಲ್ಲರಿಗೂ ತೆರೆದಿಡಬೇಡಿ, ದಯವಿಟ್ಟು. ಎಕ್ಸ್ ಮಾತುಕತೆಗೆ ಗೂಢಲಿಪಿ ಇಲ್ಲ. ಒಳಗೆ ಬಂದ ಕ್ಲೈಂಟ್ ನೀವು ಒತ್ತುವ ಪ್ರತಿ ಕೀಲಿಯನ್ನೂ ಓದಬಲ್ಲದು, ಪಾಸ್‌ವರ್ಡ್ ಸಹ. ಎಸ್‌ಎಸ್‌ಎಚ್‌ಗೆ (ದೂರದ ಯಂತ್ರಕ್ಕೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ಸಾಧನ) ದೊಡ್ಡಕ್ಷರದ ಎಕ್ಸ್ (-X) ಆಯ್ಕೆ ಕೊಟ್ಟು ಲಾಗಿನ್ ಆಗುವುದೇ ಒಳ್ಳೆಯದು. ಆಗ ದೂರದ ಯಂತ್ರದ ಪೋರ್ಟ್ 22 ಒಂದಿದ್ದರೆ ಸಾಕು, ಚಿತ್ರವೆಲ್ಲ ಅದೇ ಸುರಂಗದಲ್ಲಿ ಬರುತ್ತದೆ. ಅಲ್ಲಿ ಡಿಸ್‌ಪ್ಲೇ ವೇರಿಯಬಲ್ (ಯಾವ ಡಿಸ್‌ಪ್ಲೇ ಬಳಸಬೇಕೆಂದು ಪ್ರೋಗ್ರಾಮಿಗೆ ಹೇಳುವ ಸೆಟ್ಟಿಂಗ್) ಸಾಮಾನ್ಯವಾಗಿ ಲೋಕಲ್‌ಹೋಸ್ಟ್:10.0 ಎಂದು ತಾನಾಗಿಯೇ ಬರುತ್ತದೆ. ಅದನ್ನು ಕೈಯಾರೆ ಬದಲಿಸಬೇಡಿ. ಇಷ್ಟಾದರೂ ವಿಂಡೋ ಬರದಿದ್ದರೆ, ಈಗ ಮಾತ್ರ ದೂರದ ಯಂತ್ರದ ಫೈರ್‌ವಾಲ್ ನೋಡಿ. ಆ ಹತ್ತು ಅಂದರೆ ಪೋರ್ಟ್ 6010. ಎಲ್ಲವನ್ನೂ ತಡೆಯುವ ನಿಯಮ ಬರೆದವರು ಲೂಪ್‌ಬ್ಯಾಕ್‌ಗೆ ಅನುಮತಿ ಕೊಡಲು ಮರೆತಿದ್ದರೆ, ಯಂತ್ರ ತನ್ನ ಜೊತೆ ತಾನೇ ಮಾತಾಡಲಾರದೆ ನಿಂತಿರುತ್ತದೆ.